ಸಾಕು ಹಾವಿನ ಪೊರೆ ತೊಡಕು: ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಹಿನ್ನೆಲೆಯಲ್ಲಿ

ಹಾವು ತನ್ನ ಹಳೆಯ ಹೊರಚರ್ಮವನ್ನು ಸಕಾಲದಲ್ಲಿ, ಒಂದೇ ತುಂಡಾಗಿ ಬಿಡಲಾರದೆ ಹೋಗುವ ಸ್ಥಿತಿಗೆ ಪೊರೆ ತೊಡಕು ಎನ್ನಬಹುದು. ಮೈಮೇಲೆ ಅಲ್ಲಲ್ಲಿ ಅಂಟಿಕೊಂಡ ಒಣ ಚೂರುಗಳು, ಕಣ್ಣಿನ ಮೇಲೆ ಉಳಿದ ಹಳೆಯ ಹೊದಿಕೆ, ಬಾಲದ ತುದಿಯಲ್ಲಿ ಉಂಗುರದಂತೆ ಬಿಗಿದ ಪೊರೆ ಇದರ ಮೂರು ಮುಖ್ಯ ಲಕ್ಷಣಗಳು. ಕಾಡಿನ ಹಾವುಗಳಲ್ಲಿ ಇದು ಅಪರೂಪ, ಪೆಟ್ಟಿಗೆಯಲ್ಲಿಟ್ಟ ಹಾವುಗಳಲ್ಲಿ ಸಾಮಾನ್ಯ. ಈ ವ್ಯತ್ಯಾಸವೇ ರೋಗದ ಮೂಲವನ್ನು ಎಲ್ಲಿ ಹುಡುಕಬೇಕೆಂದು ತೋರಿಸುತ್ತದೆ. ಬಹುಪಾಲು ಪೊರೆ ತೊಡಕು ಚರ್ಮದ ಕಾಯಿಲೆಯಲ್ಲ, ವಸತಿಯ ದೋಷ. ತೇವವಿರುವ ತಾಣವನ್ನು ತಾನೇ ಹುಡುಕಿ ಸೇರುವ ಸ್ವಾತಂತ್ರ್ಯವನ್ನು ಸಾಕಿದವರು ಹಾವಿನಿಂದ ಕಿತ್ತುಕೊಂಡಿರುತ್ತಾರೆ. ಆದ್ದರಿಂದ ಚಿಕಿತ್ಸೆಯೂ ಮೊದಲು ಪೆಟ್ಟಿಗೆಗೆ ಆಗಬೇಕು, ಚರ್ಮದ ಸರದಿ ಆಮೇಲಿನದು. ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳು ಈ ಮಾತನ್ನು ಪರೀಕ್ಷಿಸಲು ಒಳ್ಳೆಯ ನೆಲ. ಘಟ್ಟದ ನೆತ್ತಿಯ ದಟ್ಟ ಮಳೆಗಾಡಿನಿಂದ ಧಾರವಾಡದ ಬಯಲಿನ ಅಂಚಿನವರೆಗಿನ ಎಲ್ಲ ಬಗೆಯ ಹವೆ ಇಲ್ಲಿ ಒಂದೇ ದಿನದ ಹಾದಿಯಲ್ಲಿ ಸಿಗುತ್ತದೆ.

ಕಾನೂನಿನ ಎಲ್ಲೆ: ಈ ಸೀಮೆಯಲ್ಲಿ ‘ಸಾಕು ಹಾವು’ ಎಂದರೆ ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ನಾಗರಹಾವು, ಕೇರೆ, ಹೆಬ್ಬಾವು, ಕೊಳಕುಮಂಡಲ, ಕಾಳಿಂಗ ಸರ್ಪ, ಮಣ್ಣುಮುಕ್ಕ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಇವನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಎರಡು ತಲೆಯ ಹಾವು ಎಂದು ಕರೆಸಿಕೊಳ್ಳುವ ಮಣ್ಣುಮುಕ್ಕನನ್ನು ಅದೃಷ್ಟದ ಹೆಸರಿನಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಇದೇ ಕಾನೂನು ಅನ್ವಯಿಸುತ್ತದೆ. ಮನೆಯಲ್ಲಿ ಸಾಕಲು ಉಳಿಯುವುದು ಹೊರದೇಶದ ಜಾತಿಗಳು ಮಾತ್ರ. ಅವುಗಳಲ್ಲಿ ಹೆಚ್ಚು ಪ್ರಚಲಿತವಾದವು ಪಶ್ಚಿಮ ಆಫ್ರಿಕಾ ಮೂಲದ ಬಾಲ್ ಪೈಥಾನ್ ಮತ್ತು ಅಮೆರಿಕದ ಕಾರ್ನ್ ಸ್ನೇಕ್. ಬಾಲ್ ಪೈಥಾನ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿದೆ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಇಂಥ ಜಾತಿಗಳನ್ನೂ ಲೆಕ್ಕಕ್ಕೆ ತಂದಿತು. 2024ರ ನಿಯಮಗಳ ಪ್ರಕಾರ ಅವುಗಳ ಮಾಲೀಕತ್ವವನ್ನು ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ನೋಂದಣಿಗೂ ಪೊರೆಗೂ ಒಂದು ನೇರ ಸಂಬಂಧವಿದೆ. ಕದ್ದುಮುಚ್ಚಿ ಇಟ್ಟ ಹಾವಿಗೆ ತೊಂದರೆಯಾದಾಗ ಮಾಲೀಕ ಪಶುವೈದ್ಯರ ಬಳಿ ಹೋಗಲು ಹಿಂಜರಿಯುತ್ತಾನೆ. ಮನೆಮದ್ದು ಮಾಡಿ ಕಣ್ಣು ಕಳೆಯುವುದು ಬಹಳ ಸಲ ಅಲ್ಲಿಂದಲೇ ಶುರುವಾಗುತ್ತದೆ.

ಪೊರೆಯ ರಚನೆ ಮತ್ತು ಕಳಚುವ ಕ್ರಮ: ಹಾವಿನ ಹೊರಚರ್ಮದಲ್ಲಿ ಮೇಲೆ ಗಡಸು ಕೆರಾಟಿನ್ ಪದರವಿದೆ, ಕೆಳಗೆ ಮೃದುವಾದ ಇನ್ನೊಂದು ಕೆರಾಟಿನ್ ಪದರವಿದೆ, ಇವೆರಡರ ನಡುವೆ ಕೊಬ್ಬಿನಂಶ ತುಂಬಿದ ತೆಳುಪದರವೊಂದಿದೆ. ಮೈಯ ನೀರು ಆವಿಯಾಗಿ ಹೋಗದಂತೆ ತಡೆಯುವುದು ಮುಖ್ಯವಾಗಿ ಈ ನಡುಪದರ. ರಾಬರ್ಟ್ಸ್ ಮತ್ತು ಲಿಲಿವೈಟ್ ಎಂಬ ವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಾವಿನ ಪೊರೆಯಿಂದ ಕೊಬ್ಬಿನಂಶವನ್ನು ದ್ರಾವಕದಿಂದ ತೆಗೆದಾಗ ನೀರು ಅದರ ಮೂಲಕ ಸರಾಗವಾಗಿ ಹೊರಹೋಯಿತು. ಕಿಂಗ್ ಸ್ನೇಕ್ ಮರಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹುಟ್ಟಿದ ನಂತರದ ಮೊದಲ ಪೊರೆ ಬಿಟ್ಟ ಮೇಲೆ ಮರಿಗಳ ಚರ್ಮ ನೀರನ್ನು ಹಿಡಿದಿಡುವ ಶಕ್ತಿ ಎದ್ದು ಕಾಣುವಷ್ಟು ಹೆಚ್ಚಿತ್ತು. ಪೊರೆ ಬಿಡುವುದು ಬೆಳೆಯುವ ಮೈಗೆ ಜಾಗ ಮಾಡಿಕೊಳ್ಳುವುದಷ್ಟೇ ಎಂಬ ತಿಳಿವಳಿಕೆ ಹಾಗಾಗಿ ಅರ್ಧ ಸತ್ಯ. ನೀರನ್ನು ಕಾಯುವ ಬೇಲಿಯನ್ನು ಹೊಸದಾಗಿ ಕಟ್ಟಿಕೊಳ್ಳುವ ಕೆಲಸವೂ ಅದರಲ್ಲಿದೆ, ಮತ್ತು ಆ ಕೆಲಸ ನಡೆಯಲು ಒಳಗಿನಿಂದಲೂ ಹೊರಗಿನಿಂದಲೂ ನೀರೇ ಬೇಕು.

ಪಾಲ್ ಮ್ಯಾಡರ್ಸನ್ 1965ರಲ್ಲಿ ಪೊರೆಚಕ್ರವನ್ನು ಆರು ಹಂತಗಳಾಗಿ ವಿಂಗಡಿಸಿದರು. ಸಾಕುವವರ ಕಣ್ಣಿಗೆ ಬೀಳುವುದು ಕೊನೆಯ ಕೆಲವು ಹಂತಗಳು ಮಾತ್ರ. ಹಳೆಯ ಚರ್ಮದ ಕೆಳಗೆ ಹೊಸದು ಪೂರ್ತಿ ಸಿದ್ಧವಾಗುತ್ತಿದ್ದಂತೆ ಎರಡರ ನಡುವೆ ದುಗ್ಧರಸ ಇಳಿಯುತ್ತದೆ, ಕಿಣ್ವಗಳು ಬೆಸುಗೆಯನ್ನು ಸಡಿಲಿಸುತ್ತವೆ. ಆಗ ಮೈಬಣ್ಣ ಮಂಕಾಗುತ್ತದೆ, ಕಣ್ಣು ಹಾಲುನೀಲಿಯಾಗಿ ಮಂಜುಗಟ್ಟುತ್ತದೆ. ಹಾವಿಗೆ ರೆಪ್ಪೆಯಿಲ್ಲ. ಕಣ್ಣನ್ನು ಮುಚ್ಚಿರುವುದು ಪಾರದರ್ಶಕವಾದ ಒಂದು ಹುರುಪೆ, ಅದೂ ಪೊರೆಯ ಜೊತೆಗೇ ಕಳಚಬೇಕು. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾದ ಕೆಲವೇ ದಿನಗಳಲ್ಲಿ ಹಾವು ತುಟಿಯ ಅಂಚನ್ನು ಒರಟಾದ ಕಲ್ಲಿಗೋ ಬೇರಿಗೋ ಉಜ್ಜಿ ಪೊರೆಯನ್ನು ಬಿಡಿಸಿಕೊಂಡು, ಕಾಲುಚೀಲವನ್ನು ಮಗುಚಿ ತೆಗೆದಂತೆ, ಮೂತಿಯಿಂದ ಬಾಲದವರೆಗೆ ಒಳಮೈ ಹೊರಗಾಗಿ ಕಳಚುತ್ತಾ ತೆವಳುತ್ತದೆ. ಹುರುಪೆಗಳ ನಡುವಿನ ಮಡಿಕೆಗಳು ಬಿಚ್ಚಿಕೊಳ್ಳುವುದರಿಂದ ಪೊರೆ ಹಾವಿಗಿಂತ ಉದ್ದವಾಗಿರುತ್ತದೆ. ಸಿಕ್ಕ ಪೊರೆಯನ್ನು ಅಳೆದು ಹಾವಿನ ಉದ್ದ ಹೇಳುವವರು ಯಾವಾಗಲೂ ಹೆಚ್ಚೇ ಹೇಳುವುದು ಇದರಿಂದ. ಬೆಳೆಯುವ ಮರಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಪೊರೆ ಬಿಟ್ಟರೆ ಬಲಿತ ಹಾವು ವರ್ಷಕ್ಕೆ ಕೆಲವೇ ಸಲ ಬಿಡುತ್ತದೆ. ಆಹಾರ, ಶಾಖ, ಗಾಯ ಇವುಗಳಿಂದ ಈ ಲೆಕ್ಕ ಹಿಂದುಮುಂದಾಗುತ್ತದೆ. ಇಡೀ ಕ್ರಿಯೆಯ ಸೂಕ್ಷ್ಮ ಘಟ್ಟವೆಂದರೆ ಎರಡು ಚರ್ಮಗಳ ನಡುವೆ ಒದ್ದೆ ಇರುವ ಆ ಕೆಲವು ದಿನಗಳು. ಆಗ ಸುತ್ತಲಿನ ಗಾಳಿ ಒಣಗಿದ್ದರೆ, ಅಥವಾ ಹಾವೇ ನೀರಡಿಸಿದ್ದರೆ, ಸಡಿಲವಾಗಬೇಕಾದ ಪದರ ಒಣಗಿ ಮತ್ತೆ ಅಂಟಿಕೊಳ್ಳುತ್ತದೆ.

ನಾಲ್ಕು ತಾಲ್ಲೂಕುಗಳ ಸಾಕ್ಷ್ಯ: ಜೋಯಿಡಾದ ಪಶ್ಚಿಮದಂಚು, ಅಂದರೆ ಕ್ಯಾಸಲ್‌ರಾಕ್ ಮತ್ತು ಅಣಶಿ ಕಡೆಯ ಘಟ್ಟದ ನೆತ್ತಿ, ವರ್ಷಕ್ಕೆ 4,000 ಮಿ.ಮೀ.ಗೂ ಮಿಕ್ಕಿ ಮಳೆ ಕಾಣುತ್ತದೆ. ಅಲ್ಲಿಂದ ಪೂರ್ವಕ್ಕೆ ಇಳಿದಂತೆ ನಿತ್ಯಹಸುರಿನ ಕಾಡು ದಾಂಡೇಲಿಯ ತೇಗ, ಬಿದಿರು, ಮತ್ತಿಯ ಎಲೆಯುದುರುವ ಕಾಡಾಗುತ್ತದೆ. ಹಳಿಯಾಳ, ಮುಂಡಗೋಡಕ್ಕೆ ಬರುವ ಹೊತ್ತಿಗೆ ಮಳೆ ಅದರ ಅರ್ಧಕ್ಕೂ ಕೆಳಗಿಳಿದು ಭತ್ತ, ಜೋಳ, ಕಬ್ಬಿನ ಗದ್ದೆಗಳು ಶುರುವಾಗುತ್ತವೆ. ಮಾರ್ಚ್–ಏಪ್ರಿಲ್ ಮಧ್ಯಾಹ್ನಗಳಲ್ಲಿ ಇಲ್ಲಿನ ಗಾಳಿ ಬಯಲುಸೀಮೆಯ ಗಾಳಿಯಷ್ಟೇ ಒಣ. ದಾಂಡೇಲಿ ವನ್ಯಜೀವಿಧಾಮ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಅರಣ್ಯದ ಒದ್ದೆ ಕಣಿವೆಗಳಲ್ಲಿ ಕಾಳಿಂಗ ಸರ್ಪ ಮತ್ತು ಮಲಬಾರ್ ಗುಳಿಮಂಡಲ ಇವೆ. ಮುಂಡಗೋಡದ ಗದ್ದೆಬದುಗಳಲ್ಲಿ ಕೇರೆ, ನಾಗರ, ಕೊಳಕುಮಂಡಲ ಇವೆ. ಹೊರಗಿನ ಗಾಳಿಯ ತೇವವೊಂದೇ ಪೊರೆಯನ್ನು ನಿರ್ಧರಿಸುವುದಾಗಿದ್ದರೆ ಮುಂಡಗೋಡದ ಕೇರೆಹಾವುಗಳು ಪ್ರತಿ ಬೇಸಿಗೆಯಲ್ಲೂ ಹರಕು ಪೊರೆ ಹೊತ್ತು ತಿರುಗಬೇಕಿತ್ತು. ಹಾಗಾಗುವುದಿಲ್ಲ. ಬೇಲಿಯ ಬುಡದಲ್ಲಿ, ಕಲ್ಲುಸಂದಿಯಲ್ಲಿ, ಹುಲ್ಲಿನ ಬಣವೆಯ ಕೆಳಗೆ ಮೂತಿಯಿಂದ ಬಾಲದವರೆಗೆ ಇಡಿಯಾದ ಪೊರೆ ರೈತರಿಗೆ ಬೇಸಿಗೆಯಲ್ಲೂ ಸಿಗುತ್ತದೆ.

ತೇವದ ಕೊರತೆಯೇ ಕಾರಣವೆಂಬ ವಾದಕ್ಕೆ ಇದೇ ದೊಡ್ಡ ಆಕ್ಷೇಪಣೆ ಎಂದು ತೋರಬಹುದು. ಒಣ ಗಾಳಿಯಲ್ಲೂ ಕಾಡಿನ ಹಾವು ಚೆನ್ನಾಗಿಯೇ ಪೊರೆ ಬಿಡುವುದಾದರೆ ಪೆಟ್ಟಿಗೆಯ ಹಾವಿಗೆ ತೇವವೇಕೆ? ಉತ್ತರ ನೆಲದ ಕೆಳಗಿದೆ. ಕಾಡಿನ ಹಾವು ಬದುಕುವುದು ಹವಾಮಾನ ಇಲಾಖೆ ಅಳೆಯುವ ಗಾಳಿಯಲ್ಲಲ್ಲ. ಕಣ್ಣು ಮಂಜಾಗುತ್ತಿದ್ದಂತೆ ಅದು ಬೇಟೆ ಬಿಟ್ಟು ಅಡಗುತ್ತದೆ. ಇಲಿಬಿಲ, ಟೊಳ್ಳು ಬೇರು, ಒದ್ದೆ ತರಗೆಲೆಯ ರಾಶಿ, ಎಲ್ಲಕ್ಕಿಂತ ಮಿಗಿಲಾಗಿ ಹುತ್ತ ಅದರ ಆಶ್ರಯ. ಹುತ್ತದೊಳಗಿನ ಗಾಳಿ ಹೊರಗಿನದಕ್ಕಿಂತ ಹೆಚ್ಚು ತೇವ, ಅದಕ್ಕಿಂತಲೂ ಹೆಚ್ಚಾಗಿ ಅದು ಸ್ಥಿರ. ಹೊರಗೆ ಹಗಲು ರಾತ್ರಿಗಳ ನಡುವೆ ಶಾಖ ಏರಿಳಿದರೂ ಮಣ್ಣಿನ ದಪ್ಪ ಗೋಡೆ ಆ ಏರಿಳಿತವನ್ನು ಒಳಕ್ಕೆ ಬಿಡದು. ಬಾಲ್ ಪೈಥಾನ್‌ನ ಕತೆಯೂ ಇದೇ. ಘಾನಾ, ಟೋಗೋ, ಬೆನಿನ್‌ಗಳ ಹುಲ್ಲುಗಾವಲು ವರ್ಷದ ಹಲವು ತಿಂಗಳು ಒಣಗಿಯೇ ಇರುತ್ತದೆ. ಆದರೆ ಈ ಹಾವು ದಿನ ಕಳೆಯುವುದು ಇಲಿ ಹೆಗ್ಗಣಗಳ ಬಿಲಗಳಲ್ಲಿ, ಗೆದ್ದಲ ಹುತ್ತಗಳಲ್ಲಿ. ಅದರ ಊರಿನ ಹವೆ ನೋಡಿ ‘ಇದು ಒಣನಾಡಿನ ಪ್ರಾಣಿ, ತೇವ ಬೇಡ’ ಎಂದು ತೀರ್ಮಾನಿಸಿದವರು ಹಾವಿನ ಮನೆಯನ್ನು ನೋಡದೆ ಅದರ ಜಿಲ್ಲೆಯನ್ನು ನೋಡಿದಂತಾಯಿತು. ಕಾಡಿನ ಹಾವಿಗಿರುವ ಅನುಕೂಲ ತೇವ ಮಾತ್ರವಲ್ಲ, ಬೇಕೆನಿಸಿದಾಗ ತೇವಕ್ಕೆ ಹೋಗಿ ಸಾಕೆನಿಸಿದಾಗ ಹೊರಬರುವ ಆಯ್ಕೆ. ಆಕ್ಷೇಪಣೆ ವಾದವನ್ನು ಮುರಿಯುವ ಬದಲು ಅದನ್ನು ಇನ್ನಷ್ಟು ಖಚಿತಗೊಳಿಸುತ್ತದೆ.

ಪೆಟ್ಟಿಗೆಯ ಹವೆ: ಎರಡನೆಯ ಆಕ್ಷೇಪಣೆ ಮಲೆನಾಡಿನವರದು. ಜೋಯಿಡಾದಂಥ ಕಡೆ ಗೋಡೆಗೇ ಬೂಸಲು ಬರುವಾಗ ಹಾವಿಗೆ ತೇವ ಕಡಿಮೆಯಾಗುವುದು ಹೇಗೆ? ಇಲ್ಲಿ ಸಾಪೇಕ್ಷ ಆರ್ದ್ರತೆಯ ಲೆಕ್ಕ ತಿಳಿದಿರಬೇಕು. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿ ಹಿಡಿಯಬಲ್ಲದು. ಹೀಗಾಗಿ ಅದರಲ್ಲಿರುವ ನೀರು ಕಿಂಚಿತ್ತೂ ಕಡಿಮೆಯಾಗದಿದ್ದರೂ ಶೇಕಡಾವಾರು ಆರ್ದ್ರತೆ ಬೀಳುತ್ತದೆ. ಕೋಣೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು ಆರ್ದ್ರತೆ ಶೇ 60 ಇದೆ ಎಂದುಕೊಳ್ಳೋಣ. ಅದೇ ಗಾಳಿಯನ್ನು ಹಾವಿನ ಪೆಟ್ಟಿಗೆಯಲ್ಲಿ ದೀಪದಿಂದ 32 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಸುಮಾರು ಶೇ 40ಕ್ಕೆ ಇಳಿಯುತ್ತದೆ. ಡಿಸೆಂಬರಿನ ರಾತ್ರಿ ಕೋಣೆ 16 ಡಿಗ್ರಿಗೆ ಇಳಿದು ಆರ್ದ್ರತೆ ಶೇ 70 ಇದ್ದರೂ, ಪೆಟ್ಟಿಗೆಯನ್ನು 30 ಡಿಗ್ರಿಯಲ್ಲಿಟ್ಟರೆ ಒಳಗೆ ಉಳಿಯುವುದು ಶೇ 30ರಷ್ಟೇ. ಜುಲೈನಲ್ಲಾದರೋ ಶೇ 90 ಇರುವ 25 ಡಿಗ್ರಿಯ ಗಾಳಿಯನ್ನು 32 ಡಿಗ್ರಿಗೆ ಕಾಯಿಸಿದರೂ ಶೇ 60 ಉಳಿಯುತ್ತದೆ. ಒಂದೇ ಮನೆಯ ಒಂದೇ ಪೆಟ್ಟಿಗೆ ಮಳೆಗಾಲದಲ್ಲಿ ಏನೂ ಮಾಡದೆ ಸರಿಹೋಗಿ ಚಳಿಗಾಲದಲ್ಲಿ, ಬೇಸಿಗೆಯಲ್ಲಿ ತೊಡಕು ತರುವುದು ಹೀಗೆ. ‘ಹೋದ ಸಲ ಚೆನ್ನಾಗಿಯೇ ಬಿಟ್ಟಿತ್ತು’ ಎಂಬ ಸಮಾಧಾನಕ್ಕೆ ಹಾಗಾಗಿ ಬೆಲೆಯಿಲ್ಲ. ಮೇಲ್ಭಾಗ ಪೂರ್ತಿ ಜಾಲರಿಯಾಗಿರುವ ಗಾಜಿನ ತೊಟ್ಟಿ, ಸದಾ ಉರಿಯುವ ದೀಪ, ಪಕ್ಕದಲ್ಲಿ ತಿರುಗುವ ಫ್ಯಾನ್, ಮೂಲೆಯಲ್ಲೊಂದು ಚಿಕ್ಕ ನೀರಿನ ಬಟ್ಟಲು ಇವಿಷ್ಟು ಸೇರಿದರೆ ಅಣಶಿಯ ಮಳೆಗಾಡಿನ ನಡುವೆಯೂ ಒಂದು ಪುಟ್ಟ ಬಯಲುಸೀಮೆ ತಯಾರಾಗುತ್ತದೆ.

ಸಹಾಯದ ಕ್ರಮ: ಮೊದಲ ಕೆಲಸ ಅಳತೆ. ಪೆಟ್ಟಿಗೆಯ ಬಿಸಿ ಬದಿಗೊಂದು, ತಂಪು ಬದಿಗೊಂದು ಎಂದು ತಾಪ ಮತ್ತು ಆರ್ದ್ರತೆ ಎರಡನ್ನೂ ತೋರಿಸುವ ಡಿಜಿಟಲ್ ಮಾಪಕಗಳನ್ನಿಡಬೇಕು. ಬಾಲ್ ಪೈಥಾನ್‌ಗೆ ಸಾಮಾನ್ಯವಾಗಿ ಶೇ 55ರಿಂದ 65ರ ಆರ್ದ್ರತೆ ಸಾಕು, ಪೊರೆಯ ದಿನಗಳಲ್ಲಿ ಶೇ 70ರ ಆಸುಪಾಸು ಬೇಕು. ಕಾರ್ನ್ ಸ್ನೇಕ್‌ಗೆ ಶೇ 40ರಿಂದ 60 ಸಾಲುತ್ತದೆ. ಎರಡನೆಯದು ಹುತ್ತಕ್ಕೆ ಬದಲಿ. ಹಾವು ಸುರುಳಿಸುತ್ತಿ ಕೂರುವಷ್ಟು ಅಗಲದ ಮುಚ್ಚಳವಿರುವ ಡಬ್ಬಿಗೆ ಒಂದು ಬಾಗಿಲು ಕೊರೆದು, ಒಳಗೆ ಹಿಂಡಿದ ಒದ್ದೆ ಪಾಚಿಯನ್ನೋ ತೇವದ ತೆಂಗಿನ ನಾರಿನ ಪುಡಿಯನ್ನೋ ಹಾಕಿ ಪೆಟ್ಟಿಗೆಯ ಬೆಚ್ಚಗಿನ ಬದಿಗೆ ಇಟ್ಟರೆ ಸಾಕು. ಪೆಟ್ಟಿಗೆಯ ಉಳಿದ ನೆಲ ಒಣಗಿರಬೇಕು. ನೀರಿನ ಬಟ್ಟಲು ಹಾವು ಮೈ ಮುಳುಗಿಸುವಷ್ಟು ದೊಡ್ಡದಿರಲಿ. ಮೂತಿ ಉಜ್ಜಲು ಒರಟು ಕಲ್ಲು, ತೊಗಟೆಯಿರುವ ಕೊಂಬೆ ಬೇಕೇಬೇಕು. ಗಾಜು, ಪ್ಲಾಸ್ಟಿಕ್, ನುಣುಪು ಕಾಗದ ಮಾತ್ರ ಇರುವ ಪೆಟ್ಟಿಗೆಯಲ್ಲಿ ಪೊರೆ ಸಡಿಲವಾದರೂ ಬಿಚ್ಚಲು ಹಾವಿಗೆ ಹಿಡಿತ ಸಿಗದು. ಕಣ್ಣು ಮಂಜಾಗಿರುವಾಗ ಹಾವನ್ನು ಎತ್ತಬಾರದು. ಆಗ ಅದಕ್ಕೆ ಸರಿಯಾಗಿ ಕಾಣದು, ಹೊಸ ಚರ್ಮ ಎಳಸು, ಗಾಬರಿಗೆ ಕಚ್ಚುವುದೂ ಉಂಟು. ಆ ದಿನಗಳಲ್ಲಿ ಅದು ಆಹಾರ ಮುಟ್ಟದಿದ್ದರೆ ಗಾಬರಿಯಾಗಬೇಕಿಲ್ಲ.

ಇಷ್ಟಾದರೂ ಚೂರು ಚೂರು ಉಳಿದಿದ್ದರೆ ಹಾವನ್ನು ಉಗುರುಬೆಚ್ಚಗಿನ, 30 ಡಿಗ್ರಿ ಮೀರದ, ಅದರ ಮೈಯ ಅರ್ಧ ಎತ್ತರಕ್ಕೂ ಕಡಿಮೆ ಆಳದ ನೀರಿನಲ್ಲಿ 20ರಿಂದ 30 ನಿಮಿಷ ಬಿಟ್ಟು ಪಕ್ಕದಲ್ಲೇ ಕಾಯಬೇಕು. ಬಳಿಕ ಒದ್ದೆ ಟವೆಲಿನ ಮಡಿಕೆಗಳ ನಡುವೆ ತಾನಾಗಿಯೇ ತೆವಳಲು ಬಿಟ್ಟರೆ ಬಟ್ಟೆಯ ಒರಟು ಮತ್ತು ಹಾವಿನ ಚಲನೆ ಸೇರಿ ಬಹುತೇಕ ಪೊರೆ ಬಿಡಿಸುತ್ತವೆ. ಬಾಲದ ತುದಿಯ ಉಂಗುರವನ್ನು ಮರೆಯಬಾರದು. ಒಂದರ ಮೇಲೊಂದು ಪೊರೆಯ ಉಂಗುರಗಳು ಕೂತರೆ ರಕ್ತಸಂಚಾರ ನಿಂತು ತುದಿ ಕಪ್ಪಾಗಿ ಸತ್ತುಹೋಗುತ್ತದೆ. ಕೊಬ್ಬರಿ ಎಣ್ಣೆ, ಅರಿಶಿನ, ವ್ಯಾಸಲೀನ್ ಬಳಿಯುವ ರೂಢಿ ಬಿಡುವುದು ಒಳ್ಳೆಯದು. ಅಂಟಿದ ಪದರಕ್ಕೆ ಬೇಕಾದದ್ದು ಒಳಹೊಗುವ ನೀರು. ಎಣ್ಣೆ ಮೇಲೆಯೇ ನಿಂತು ಕಸ ಹಿಡಿಯುತ್ತದೆ.

ಎಳೆದು ತೆಗೆಯುವವರ ವಾದ: ಮೂರನೆಯ ಆಕ್ಷೇಪಣೆ ಅವಸರದ್ದು. ಕೈಯಿಂದ ಎಳೆದರೆ ಎರಡು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟೆಲ್ಲ ಏಕೆ? ಎಳೆದಾಗ ಪೊರೆ ಬರುವುದು ನಿಜವೇ. ಆದರೆ ಎರಡು ಪದರಗಳ ನಡುವಿನ ಬೆಸುಗೆ ಸಡಿಲಗೊಳ್ಳದಿದ್ದ ಕಡೆ ಹಳೆಯದರ ಜೊತೆ ಹೊಸದೂ ಕಿತ್ತು ಬರುತ್ತದೆ. ಆ ಗಾಯ ಮಾಗಿದ ಕಲೆಯ ಮೇಲೆ ಮುಂದಿನ ಪೊರೆ ಮತ್ತೆ ಅಂಟುತ್ತದೆ. ಹೀಗೆ ಅವಸರದ ಪರಿಹಾರವೇ ಮುಂದಿನ ತೊಡಕಿಗೆ ಬೀಜವಾಗುತ್ತದೆ. ಕಣ್ಣಿನ ವಿಷಯದಲ್ಲಿ ಅಪಾಯ ಇನ್ನೂ ದೊಡ್ಡದು. ಉಳಿದ ಹಳೆಯ ಹೊದಿಕೆಯನ್ನು ಚಿಮುಟದಿಂದ ತೆಗೆಯಲು ಹೋಗಿ ಅದರಡಿಯ ಜೀವಂತ ಹುರುಪೆ ಹರಿದರೆ ಕಾರ್ನಿಯಾ ಬಯಲಾಗಿ ಒಣಗುತ್ತದೆ, ಕಣ್ಣೇ ಹೋಗಬಹುದು. ಕಣ್ಣಹೊದಿಕೆ ಉಳಿದದ್ದು ಖಚಿತವಾದರೆ ಆರ್ದ್ರತೆ ಸರಿಪಡಿಸಿ ಮುಂದಿನ ಪೊರೆಗೆ ಕಾಯುವುದೇ ಸರಿಯಾದ ದಾರಿ. ಹೆಚ್ಚಿನ ಸಲ ಎರಡೂ ಒಟ್ಟಿಗೇ ಹೋಗುತ್ತವೆ. ಕಾದರೂ ಹೋಗದಿದ್ದರೆ, ಅಥವಾ ಕಣ್ಣು ಊದಿಕೊಂಡರೆ, ಸರೀಸೃಪಗಳನ್ನು ಬಲ್ಲ ಪಶುವೈದ್ಯರು ಜೆಲ್ ಹಾಕಿ ಮೆದುಗೊಳಿಸಿ ತೆಗೆಯುತ್ತಾರೆ.

ತೇವದ ಮಿತಿ: ತೇವ ಒಳ್ಳೆಯದಾದರೆ ಪೆಟ್ಟಿಗೆಯನ್ನು ಸದಾ ಒದ್ದೆಯಾಗಿಟ್ಟರಾಯಿತು ಎನ್ನುವವರಿಗೆ ಜೋಯಿಡಾದ ಮಳೆಗಾಲವೇ ಎಚ್ಚರಿಕೆ. ಗಾಳಿಯಾಡದ ಒದ್ದೆ ನೆಲದ ಮೇಲೆ ಬಿದ್ದುಕೊಂಡ ಹಾವಿನ ಹೊಟ್ಟೆಯ ಹುರುಪೆಗಳಲ್ಲಿ ನೀರುಗುಳ್ಳೆಗಳೆದ್ದು ಕೊಳೆಯುತ್ತವೆ, ತಂಪು ಮತ್ತು ತೇವ ಎರಡೂ ಕೂಡಿದರೆ ಶ್ವಾಸಕೋಶದ ಸೋಂಕು ಬರುತ್ತದೆ. ಇಡೀ ಪೆಟ್ಟಿಗೆಯನ್ನು ತೋಯಿಸಿದರೆ ಒಣ ಪೆಟ್ಟಿಗೆಯಲ್ಲಿದ್ದ ದೋಷವೇ ಮರುಕಳಿಸುತ್ತದೆ, ಹಾವಿಗೆ ಆಯ್ಕೆ ಇಲ್ಲದಂತಾಗುತ್ತದೆ. ಒದ್ದೆ ಡಬ್ಬಿಯೊಂದು, ಒಣ ನೆಲವೊಂದು, ಬಿಸಿ ಬದಿಯೊಂದು, ತಂಪು ಬದಿಯೊಂದು ಇದ್ದಾಗ ಮಾತ್ರ ಯಾವುದು ಎಷ್ಟು ಹೊತ್ತು ಬೇಕೆಂಬ ಲೆಕ್ಕವನ್ನು ಹಾವೇ ಮಾಡಿಕೊಳ್ಳುತ್ತದೆ. ವಸತಿ ಸರಿಯಿದ್ದೂ ಸತತ ಎರಡು ಸಲ ಪೊರೆ ಹರಿದರೆ ಆಗ ರೋಗವನ್ನು ಹುಡುಕಬೇಕು. ಹುರುಪೆಗಳ ಸಂದಿಯಲ್ಲಿ, ಗದ್ದದ ಕೆಳಗೆ, ಕಣ್ಣಂಚಿನಲ್ಲಿ ಕಪ್ಪು ಚುಕ್ಕೆಗಳಂತೆ ಕಾಣುವ ರಕ್ತಹೀರುವ ನುಸಿಗಳು ಒಂದು ಕಾರಣ. ಹಳೆಯ ಸುಟ್ಟಗಾಯ, ಸೊರಗಿದ ಮೈ, ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಸೋಂಕು ಇನ್ನಿತರ ಕಾರಣಗಳು. ಉತ್ತರ ಅಮೆರಿಕದ ಕಾಡುಹಾವುಗಳಲ್ಲಿ ಹರಡಿರುವ ಒಂದು ಶಿಲೀಂಧ್ರ ರೋಗ ಅವುಗಳ ಪೊರೆಚಕ್ರವನ್ನೇ ಕೆಡಿಸುತ್ತದೆ. ವಸತಿಯೇ ಎಲ್ಲಕ್ಕೂ ಮೂಲ ಎಂಬ ಮಾತಿನ ಎಲ್ಲೆ ಇದು. ಆದರೂ ಹುಡುಕಾಟ ವಸತಿಯಿಂದಲೇ ಶುರುವಾಗಬೇಕು. ಅದು ಕೆಟ್ಟಿದ್ದರೆ ಔಷಧಿಯೂ ನಿಲ್ಲದು.

ಹಾವಾಡಿಗರ ಬುಟ್ಟಿ, ರಕ್ಷಕರ ಚೀಲ: ಹಾವಾಡಿಗರ ಬುಟ್ಟಿಯ ನಾಗರಹಾವು ಇದೇ ವಾದಕ್ಕೆ ಕಟುವಾದ ಸಾಕ್ಷಿ. ನಾಗರ ಪಂಚಮಿಗೆ ಮುನ್ನ ನೀರು ಆಹಾರವಿಲ್ಲದೆ ಇಟ್ಟ ಹಾವು ಹಾಲನ್ನು ಕುಡಿಯುವುದು ಭಕ್ತಿಗೆ ಒಲಿದಲ್ಲ, ದಾಹ ತಾಳಲಾರದೆ. ಆ ಹಾಲು ಅದಕ್ಕೆ ಜೀರ್ಣವಾಗದು. ಮೈಯೊಳಗೆ ನೀರು ಬತ್ತಿದ ಹಾವಿನಲ್ಲಿ ಪೊರೆಯ ನಡುವಿನ ದ್ರವವೂ ಬತ್ತುತ್ತದೆ. ಬುಟ್ಟಿಯಲ್ಲಿ ಉಜ್ಜಲು ಕಲ್ಲಿಲ್ಲ, ಅಡಗಲು ಜಾಗವಿಲ್ಲ. ಮನೆ ಹೊಕ್ಕ ಹಾವನ್ನು ಹಿಡಿಯುವ ರಕ್ಷಕರಿಗೂ ಇಲ್ಲಿ ಪಾಠವಿದೆ. ಕಣ್ಣು ಮಂಜಾದ ಕೇರೆಯನ್ನೋ ನಾಗರವನ್ನೋ ‘ಹುಷಾರಿಲ್ಲ’ ಎಂದು ಬಗೆದು ಪೊರೆ ಬಿಡುವವರೆಗೆ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೂ ಸರಿಯಲ್ಲ, ಹಾವಿಗೂ ಹಿತವಲ್ಲ. ಗಾಯವಿಲ್ಲದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ, ಹಿಡಿದ ಜಾಗಕ್ಕೆ ಹತ್ತಿರದಲ್ಲೇ, ಬಿಲವೋ ಹುತ್ತವೋ ಇರುವ ನೆರಳಿನಲ್ಲಿ ಬೇಗ ಬಿಡುವುದು ಮೇಲು. ತನಗೆ ಗೊತ್ತಿರುವ ನೆಲದಲ್ಲಿ ಅದು ತೇವವನ್ನು ತಾನೇ ಹುಡುಕಿಕೊಳ್ಳುತ್ತದೆ.

ನಿರ್ಣಯ: ಬಿಟ್ಟ ಪೊರೆಯನ್ನು ಎಸೆಯುವ ಮುನ್ನ ಬಿಡಿಸಿ ನೋಡುವುದು ಸಾಕುವವರ ಅತ್ಯಂತ ಅಗ್ಗದ, ಅತ್ಯಂತ ನಂಬಬಹುದಾದ ಪರೀಕ್ಷೆ. ಎರಡು ಕಣ್ಣಹೊದಿಕೆಗಳೂ ಬಾಲದ ತುದಿಯೂ ಅದರಲ್ಲಿವೆಯೇ ನೋಡಿ, ದಿನಾಂಕ ಮತ್ತು ಆ ವಾರದ ಆರ್ದ್ರತೆಯನ್ನು ಬರೆದಿಟ್ಟರೆ ಒಂದು ವರ್ಷದೊಳಗೆ ಆ ಮನೆಯ ಹವೆಗೆ ತಕ್ಕ ಪದ್ಧತಿ ತಾನಾಗಿ ರೂಪುಗೊಳ್ಳುತ್ತದೆ. ದಾಂಡೇಲಿಯ ಮನೆಗೂ ಮುಂಡಗೋಡದ ಮನೆಗೂ ಅದು ಒಂದೇ ಆಗಿರುವುದಿಲ್ಲ. ಇಷ್ಟು ಶ್ರಮ ಸಾಧ್ಯವಿಲ್ಲವೆಂದು ಕಂಡರೆ ಹಾವನ್ನು ಸಾಕದಿರುವುದೇ ಯೋಗ್ಯ. ಈಗಾಗಲೇ ಸಾಕಿದವರು ಬೇಸತ್ತು ಅದನ್ನು ಕಾಳಿ ಕಾಡಿಗೆ ಬಿಟ್ಟು ಕೈತೊಳೆದುಕೊಳ್ಳಬಾರದು. ಸಾಕಿದವರು ಬಿಟ್ಟ, ಸಾಕಣೆಯಿಂದ ತಪ್ಪಿಸಿಕೊಂಡ ಬರ್ಮಾ ಹೆಬ್ಬಾವುಗಳು ಅಮೆರಿಕದ ಫ್ಲಾರಿಡಾದ ಜೌಗುನಾಡಿನಲ್ಲಿ ನೆಲೆಯೂರಿ ಅಲ್ಲಿನ ಸಸ್ತನಿಗಳನ್ನು ಮುಗಿಸುತ್ತಾ ಬಂದಿರುವುದು ಕಣ್ಣೆದುರಿಗಿದೆ. ಪರದೇಶದ ಹಾವಿನ ಮೈಯ ನುಸಿ ಮತ್ತು ಸೋಂಕು ಇಲ್ಲಿನ ಹಾವುಗಳಿಗೆ ಹೊಸವು. ಅಂಥ ಹಾವನ್ನು ಅರಣ್ಯ ಇಲಾಖೆಯ ಗಮನಕ್ಕೆ ತಂದು, ನೋಂದಣಿಯ ದಾಖಲೆಯೊಂದಿಗೆ, ಅದಕ್ಕೆ ತಕ್ಕ ವಸತಿ ಕೊಡಬಲ್ಲವರಿಗೆ ಒಪ್ಪಿಸುವುದು ಸಾಕಿದವರ ಕೊನೆಯ ಹೊಣೆ.